ಮೊದಲು ಲೆಕ್ಕ, ಆಮೇಲೆ ಚಂದಾ

ಮಳೆಗಾಲ ಬಂತೆಂದರೆ ಶಿವಮೊಗ್ಗದ ಪತ್ರಿಕೆಗಳಲ್ಲಿ ಗಾಜನೂರಿನ ತುಂಗಾ ಜಲಾಶಯದ ಲೆಕ್ಕ ತಪ್ಪದೆ ಪ್ರಕಟವಾಗುತ್ತದೆ. ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್. ತೀರ್ಥಹಳ್ಳಿ ರಸ್ತೆಯಲ್ಲಿ ಕೂಲಿಗೆ ಹೋಗುವವನೂ ಅದನ್ನು ಓದಬಲ್ಲ. ನದಿಯ ನೀರಿಗಿರುವ ಈ ಲೆಕ್ಕ ನಮ್ಮ ಮಸೀದಿ, ಮದ್ರಸಾ ಮತ್ತು ಕಮಿಟಿಗಳಿಗೆ ಹರಿದುಬರುವ ಹಣಕ್ಕೆ ಏಕಿಲ್ಲ? ಒಳಹರಿವನ್ನು ನಾವು ಧ್ವನಿವರ್ಧಕದಲ್ಲಿ ಸಾರುತ್ತೇವೆ. ಹೊರಹರಿವಿನ ಸುದ್ದಿಯೇ ಇಲ್ಲ.

ಉದ್ದೇಶ ಒಳ್ಳೆಯದಾದರೆ ಹಣ ಎತ್ತುವ ವಿಧಾನ ಹೇಗಿದ್ದರೂ ನಡೆದೀತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಟ್ಟಡ ನಿಧಿಗಾಗಿ ಬೈಕು, ಫ್ರಿಜ್ಜು ಬಹುಮಾನವಿಟ್ಟು ಅದೃಷ್ಟದ ಕೂಪನ್ ಮಾರುವುದು ಇದೇ ಭಾವನೆಯ ಫಲ. ಅದರ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಜೂಜನ್ನು ಪವಿತ್ರ ಕುರ್‌ಆನ್ ಮದ್ಯದೊಂದಿಗೆ ಸೇರಿಸಿ ನಿಷೇಧಿಸಿದೆ. ಕೂಪನ್ನಿನ ಮೇಲೆ ಮಸೀದಿಯ ಚಿತ್ರ ಮುದ್ರಿಸಿದ ಮಾತ್ರಕ್ಕೆ ಜೂಜು ಸದಕಾ ಆಗುವುದಿಲ್ಲ. ರೇಷನ್ ಕಿಟ್ ಪಡೆಯುವ ವಿಧವೆಯ ಮುಖವನ್ನು ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರು ಅಲ್‌ಬಕರಾ ಅಧ್ಯಾಯದ 264 ಮತ್ತು 273ನೇ ಸೂಕ್ತಗಳನ್ನು ಮತ್ತೊಮ್ಮೆ ಓದಲಿ. ಮೊದಲನೆಯದು ಹಂಗಿಸಿ ನೋಯಿಸುವುದರಿಂದ ದಾನವೇ ವ್ಯರ್ಥವಾಗುವುದೆಂದು ಎಚ್ಚರಿಸಿದರೆ, ಎರಡನೆಯದು ಸ್ವಾಭಿಮಾನದಿಂದ ಕೈಚಾಚದ ಬಡವರನ್ನು ಗುರುತಿಸಿ ಕೊಡಲು ಹೇಳುತ್ತದೆ. ಅಂಥವರು ಕ್ಯಾಮೆರಾದ ಮುಂದೆ ಸಾಲುನಿಲ್ಲಲಾರರು. ಹೀಗಾಗಿ ನಿಜವಾದ ಹಕ್ಕುದಾರರೇ ನಮ್ಮ ಪಟ್ಟಿಯಿಂದ ಹೊರಗುಳಿಯುತ್ತಾರೆ.

ಇದಕ್ಕಿಂತ ಆಳವಾದ ರೋಗ ಕಮಿಷನ್. ರಮಝಾನ್ ತಿಂಗಳಲ್ಲಿ ರಶೀದಿ ಪುಸ್ತಕ ಹಿಡಿದು ಊರೂರು ಅಲೆಯುವ ಸಫೀರರಿಗೆ ಕೆಲವು ಸಂಸ್ಥೆಗಳು ನೂರಕ್ಕೆ ಇಷ್ಟೆಂದು ಪಾಲು ಗೊತ್ತುಮಾಡುತ್ತವೆ. ಅನಾಥ ಮಗುವಿನ ಊಟಕ್ಕೆಂದು ಕೊಟ್ಟ ಝಕಾತ್‌ನಲ್ಲಿ ಎಷ್ಟು ಭಾಗ ಆ ಮಗುವಿಗೆ ತಲುಪಿತೆಂಬುದು ಕೊಟ್ಟವರಿಗೆ ತಿಳಿಯುವುದೇ ಇಲ್ಲ. ಪ್ರಶ್ನಿಸಿದರೆ ಅತ್ತೌಬಾ ಅಧ್ಯಾಯದ 60ನೇ ಸೂಕ್ತವನ್ನು ಮುಂದಿಡುತ್ತಾರೆ: ಝಕಾತ್‌ನ ಎಂಟು ಹಕ್ಕುದಾರರಲ್ಲಿ ಅದನ್ನು ಸಂಗ್ರಹಿಸುವವರೂ ಇದ್ದಾರಲ್ಲವೇ ಎಂದು. ಇದ್ದಾರೆ. ಆದರೆ ಅವರು ನೇಮಕಗೊಂಡವರು, ಶ್ರಮಕ್ಕೆ ತಕ್ಕ ವೇತನ ಪಡೆದವರು, ಲೆಕ್ಕ ಒಪ್ಪಿಸಿದವರು. ಕೂಲಿ ಎಷ್ಟೆಂಬುದು ಮೊದಲೇ ಖಚಿತವಾಗಿರಬೇಕೆಂಬುದು ಫಿಕ್‌ಹ್‌ನ ಪ್ರಸಿದ್ಧ ನಿಯಮ. ಎಷ್ಟು ಸಂಗ್ರಹವಾದೀತೆಂದು ಯಾರಿಗೂ ತಿಳಿಯದ ಮೊತ್ತದ ಪಾಲು ಖಚಿತ ಕೂಲಿ ಹೇಗಾದೀತು?

ಪ್ರವಾದಿ(ಸ)ರು ಇಬ್ನುಲ್ಲುತ್ಬಿಯ್ಯಾ ಎಂಬವರನ್ನು ಬನೂ ಸುಲೈಮ್ ಗೋತ್ರದ ಝಕಾತ್ ಸಂಗ್ರಹಕ್ಕೆ ಕಳುಹಿಸಿದ್ದರು. ಮರಳಿ ಬಂದಾಗ ಲೆಕ್ಕ ಕೇಳಿದರು. ಇದು ನಿಮ್ಮದು, ಇದು ನನಗೆ ಸಿಕ್ಕ ಉಡುಗೊರೆ ಎಂದು ಅವರು ವಿಂಗಡಿಸಿದಾಗ, ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ನಿಮ್ಮನ್ನು ಹುಡುಕಿ ಬರುತ್ತಿತ್ತೇ ಎಂದು ಪ್ರವಾದಿ(ಸ)ರು ವಿಚಾರಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಈ ಹದೀಸ್‌ನಲ್ಲಿ ನಾವು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಲೆಕ್ಕದ ವಿಷಯವನ್ನು ಪ್ರವಾದಿ(ಸ)ರು ಕೋಣೆಯೊಳಗೆ ಮುಗಿಸಲಿಲ್ಲ. ಜನರ ಮುಂದೆ ನಿಂತು ಮಾತನಾಡಿದರು.

ಸಫೀರರ ಮೇಲೆ ನಮಗೆ ಸಿಟ್ಟಿಲ್ಲ. ಅವರಲ್ಲಿ ಅನೇಕರು ಅಲ್ಪ ಸಂಬಳದ ಉಸ್ತಾದರು. ಮನೆಮಂದಿಯನ್ನು ಬಿಟ್ಟು, ಉಪವಾಸದಲ್ಲಿ ಬಸ್ಸು ಹತ್ತಿಳಿಯುವವರು. ಅವರಿಗೆ ಪ್ರಯಾಣವೆಚ್ಚವನ್ನೂ ನಿಗದಿತ ಸಂಬಳವನ್ನೂ ಗೌರವದಿಂದ ಕೊಡುವ ಬದಲು, ದುಡಿದರೆ ಪಾಲು ಎಂದು ಬೀದಿಗೆ ಬಿಟ್ಟ ಆಡಳಿತಗಳೇ ಇಲ್ಲಿ ಉತ್ತರಿಸಬೇಕು.

ಲೆಕ್ಕ ಬಹಿರಂಗಪಡಿಸಿದರೆ ಹೊರಗಿನವರು ದುರುಪಯೋಗ ಮಾಡಿಯಾರು ಎಂಬುದು ಕೆಲವರ ವಾದ. ವಕ್ಫ್ ಸಂಸ್ಥೆಗಳ ಮುತವಲ್ಲಿಗಳು ಪ್ರತಿವರ್ಷ ಮಂಡಳಿಗೆ ಲೆಕ್ಕ ಒಪ್ಪಿಸಬೇಕೆಂದು 1995ರ ಕಾಯ್ದೆಯೇ ವಿಧಿಸಿದೆ. ಸರಕಾರಿ ಕಚೇರಿಗೆ ಕೊಡಬಹುದಾದ ಲೆಕ್ಕವನ್ನು ಚಂದಾ ಕೊಟ್ಟ ಜಮಾಅತ್‌ನಿಂದ ಮುಚ್ಚಿಡುವುದು ಯಾವ ನ್ಯಾಯ?

ಹೆಸರು ಕೂಗಿ ಹೊಗಳದಿದ್ದರೆ ಶ್ರೀಮಂತರು ಕೊಡುವುದಿಲ್ಲ ಎಂಬುದು ಮತ್ತೊಂದು ವಾದ. ಕೊಡದಿದ್ದರೆ ಕಟ್ಟಡ ಚಿಕ್ಕದಾಗಲಿ. ಪ್ರವಾದಿತ್ವಕ್ಕೆ ಐದು ವರ್ಷ ಮೊದಲು ಕುರೈಶರು ಕಅಬಾವನ್ನು ಪುನರ್ನಿರ್ಮಿಸಿದಾಗ ಬಡ್ಡಿ, ವ್ಯಭಿಚಾರ, ಅನ್ಯಾಯಗಳಿಂದ ಬಂದ ಹಣವನ್ನು ಸೇರಿಸಬಾರದೆಂದು ತೀರ್ಮಾನಿಸಿದ್ದರು. ಶುದ್ಧ ಹಣ ಸಾಲದಾಯಿತು. ಆಗ ಕಟ್ಟಡವನ್ನೇ ಕುಗ್ಗಿಸಿದರು. ಹೊರಗುಳಿದ ಹತೀಮ್ ಭಾಗವನ್ನು ಹಾಜಿಗಳು ಇಂದಿಗೂ ನೋಡುತ್ತಾರೆ. ವಿಗ್ರಹಾರಾಧಕರಿಗಿದ್ದ ಈ ಅಳುಕು ನಮಗೆ ಬೇಡವೇ? ಹಲಾಲ್ ಹೂಡಿಕೆಯ ಹೆಸರಿನಲ್ಲಿ ಹಣ ಸಂಗ್ರಹಿಸಿದ್ದ ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಕುಸಿದಾಗ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಅದಕ್ಕೂ ಮೊದಲು ಆ ಸಂಸ್ಥೆ ಶಿವಾಜಿನಗರದ ಸರಕಾರಿ ಶಾಲೆಗೆ ನೆರವಿತ್ತು ಹೆಸರು ಗಳಿಸಿತ್ತು. ಕೊಡುವ ಕೈ ದೊಡ್ಡದಿದ್ದಾಗ ಹಣದ ಮೂಲವನ್ನು ವಿಚಾರಿಸುವ ಬಾಯಿಗಳು ಮುಚ್ಚಿಕೊಳ್ಳುತ್ತವೆ.

1866ರಲ್ಲಿ ದೇವಬಂದಿನ ಮದ್ರಸಾ ಆರಂಭವಾದಾಗ ಮೌಲಾನಾ ಕಾಸಿಮ್ ನಾನೌತವಿಯವರು ಅದಕ್ಕಾಗಿ ಬರೆದ ಎಂಟು ನಿಯಮಗಳು ಇದನ್ನೇ ಮುನ್ನೆಚ್ಚರಿಸಿದ್ದವು. ಜಾಗೀರು ಅಥವಾ ಸಿರಿವಂತನ ಭರವಸೆಯಂಥ ಖಚಿತ ಆದಾಯಕ್ಕೆ ಆತುಕೊಳ್ಳದೆ, ಕೀರ್ತಿಯನ್ನು ಬಯಸದವರ ಚಂದಾದಲ್ಲಿ ಬರಕತ್ ಕಾಣುವುದು ಅವುಗಳ ಸಾರ. ಮಲೆನಾಡಿನ ನಮ್ಮ ಜಮಾಅತ್‌ಗಳನ್ನು ಉಳಿಸಿದ್ದೂ ಇಂಥ ಸಣ್ಣ ಚಂದಾಗಳೇ. ಭದ್ರಾವತಿಯಲ್ಲಿ ಎಂಪಿಎಂ ಕಾಗದ ಕಾರ್ಖಾನೆಯ ಯಂತ್ರಗಳು ನಿಂತ ಮೇಲೆ ತಿಂಗಳ ಸಂಬಳವೇ ಇಲ್ಲದವರ ಮನೆಗಳಿಂದಲೂ ಹಣ ಬರುತ್ತಿದ್ದರೆ, ಅದರ ಪ್ರತಿ ರೂಪಾಯಿಗೂ ಉತ್ತರ ಕೊಡುವ ಹೊಣೆ ನಮ್ಮ ಮೇಲಿದೆ.

ಶಅಬಾನ್‌ನಲ್ಲಿ ಹೊಸ ರಶೀದಿ ಪುಸ್ತಕಗಳು ಮುದ್ರಣಕ್ಕೆ ಹೋಗುವ ಮೊದಲೇ ಹಿಂದಿನ ವರ್ಷದ ಜಮಾಖರ್ಚು ಸಿದ್ಧವಾಗಲಿ. ಝಕಾತ್ ಬೇರೆ, ಕಟ್ಟಡ ನಿಧಿ ಬೇರೆ, ಇಮಾಮರ ಸಂಬಳ ಬೇರೆ. ಸಂಗ್ರಹಕ್ಕೆ ತಗುಲಿದ ವೆಚ್ಚವೂ ಅದರಲ್ಲಿರಲಿ. ನೆರವು ಪಡೆದವರ ಹೆಸರು ಬೇಡ, ಸಂಖ್ಯೆ ಸಾಕು. ಮಸೀದಿಯ ನೋಟಿಸ್ ಬೋರ್ಡಿಗೆ ಅಂಟಿಸಿ ಕೈತೊಳೆದುಕೊಳ್ಳುವುದೂ ಬೇಡ. ಒಡವೆಯ ಮೇಲಿನ ಝಕಾತ್ ಬಹುಪಾಲು ನಮ್ಮ ಮನೆಯ ಹೆಂಗಸರದು. ಆ ಬೋರ್ಡನ್ನು ಅವರಲ್ಲಿ ಹೆಚ್ಚಿನವರು ನೋಡುವುದೇ ಇಲ್ಲ. ರಶೀದಿ ಪುಸ್ತಕ ಹಿಡಿದು ಮನೆಬಾಗಿಲಿಗೆ ಹೋಗುವವರು ಕನ್ನಡದಲ್ಲೂ ಉರ್ದುವಿನಲ್ಲೂ ಅಚ್ಚಾದ ಆ ಒಂದು ಹಾಳೆಯನ್ನು ಮೊದಲು ಒಳಗೆ ಕೊಡಲಿ.