ಹಳೆಯ ಕಟ್ಟಡಗಳಿಗೂ ಲೆಕ್ಕ ಬೇಕು

ನಗರದ ಗಾಳಿಯನ್ನು ಕೆಡಿಸುವುದು ಕಾರ್ಖಾನೆಗಳು ಮತ್ತು ವಾಹನಗಳು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ನ್ಯೂಯಾರ್ಕ್ ನಗರದ ಲೆಕ್ಕ ಬೇರೆಯದೇ ಕತೆ ಹೇಳುತ್ತದೆ. ಅಲ್ಲಿ ಭೂಮಿಯ ತಾಪವನ್ನು ಏರಿಸುವ ಅನಿಲಗಳ ಸುಮಾರು ಮೂರನೇ ಎರಡು ಪಾಲಿಗೆ ಕಾರಣ ಕಟ್ಟಡಗಳು. ನೆಲಮಾಳಿಗೆಯಲ್ಲಿ ಎಣ್ಣೆಯನ್ನೋ ಗ್ಯಾಸನ್ನೋ ಉರಿಸುವ ಬಾಯ್ಲರುಗಳು, ಹವಾನಿಯಂತ್ರಣ, ಲಿಫ್ಟು, ದೀಪ ಇವೆಲ್ಲದರ ಒಟ್ಟು ಫಲ ಅದು. ಉಗಿಯ ಕೊಳವೆಗಳಿಂದ ಕೋಣೆ ವಿಪರೀತ ಕಾದು, ಕೊರೆಯುವ ಚಳಿಯಲ್ಲೂ ಜನ ಕಿಟಕಿ ತೆರೆದಿಡುವ ವಿಚಿತ್ರವೂ ಅಲ್ಲುಂಟು.

ಈ ದುಂದನ್ನು ತಡೆಯಲು ನಗರಸಭೆ 2019ರಲ್ಲಿ ಒಂದು ಕಾನೂನು ಮಾಡಿತು. 'ಸ್ಥಳೀಯ ಕಾನೂನು 97' ಎಂದು ಅದರ ಹೆಸರು. 25,000 ಚದರಡಿಗಿಂತ ದೊಡ್ಡದಾದ ಹೆಚ್ಚಿನ ಕಟ್ಟಡಗಳಿಗೆ ಅದು ಅನ್ವಯಿಸುತ್ತದೆ. 2024ರಿಂದ ವಾರ್ಷಿಕ ಮಿತಿ ಜಾರಿಗೆ ಬಂದಿದೆ. 2030ರಿಂದ ಆ ಮಿತಿ ಇನ್ನಷ್ಟು ಬಿಗಿಯಾಗಲಿದೆ. ಮಿತಿ ಮೀರಿದರೆ ಟನ್ನಿಗೆ 268 ಡಾಲರುಗಳವರೆಗೆ ದಂಡ. ಹೊಸದಾಗಿ ಕಟ್ಟುವವರಿಗೆ ಬುದ್ಧಿ ಹೇಳುವುದು ಸುಲಭ. ನಿಂತಿರುವ ಕಟ್ಟಡಗಳನ್ನೇ ಹಿಡಿದು ಕೇಳುವುದು ಈ ಕಾನೂನಿನ ವಿಶೇಷ.

ಇದು ಸಾಧ್ಯವೇ? 1931ರಲ್ಲಿ ಕಟ್ಟಿದ ಎಂಪೈರ್ ಸ್ಟೇಟ್ ಕಟ್ಟಡವೇ ಇದಕ್ಕೆ ಉತ್ತರ. ಅಲ್ಲಿ 2009ರಲ್ಲಿ ಆರಂಭವಾದ ದುರಸ್ತಿಯಲ್ಲಿ ಸುಮಾರು 6,500 ಕಿಟಕಿಗಳನ್ನು ಕಳಚಿ, ಕಟ್ಟಡದೊಳಗೇ ಏರ್ಪಡಿಸಿದ ಕಾರ್ಯಾಗಾರದಲ್ಲಿ ಗಾಜುಗಳ ನಡುವೆ ತೆಳುಪದರವನ್ನೂ ಅನಿಲವನ್ನೂ ಸೇರಿಸಿ ಮತ್ತೆ ಕೂಡಿಸಿದರು. ಕಾಯಿಸುವ ಕೊಳವೆಗಳ ಹಿಂದೆ ಶಾಖವನ್ನು ಒಳಕ್ಕೇ ತಿರುಗಿಸುವ ಹಾಳೆ ಇಟ್ಟರು. ಇಂಥ ಕೆಲಸಗಳಿಂದ ಇಂಧನದ ವೆಚ್ಚ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಇಳಿಯಿತು.

ಆದರೆ ಎಲ್ಲರೂ ಅಂಥ ಶ್ರೀಮಂತ ಕಟ್ಟಡದ ಒಡೆಯರಲ್ಲ. ಫ್ಲಾಟುಗಳಲ್ಲಿ ಕೂಡಿ ಬಾಳುವ ಮಧ್ಯಮ ವರ್ಗದವರು ಖರ್ಚು ತಾಳಲಾಗದೆಂದು 2022ರಲ್ಲಿ ಕೋರ್ಟಿನ ಮೆಟ್ಟಲು ಹತ್ತಿದರು. ರಾಜ್ಯದ ಹವಾಮಾನ ಕಾನೂನು ನಗರದ ಈ ಕಾನೂನಿಗೆ ಅಡ್ಡಿಯಲ್ಲವೆಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯ 2025ರಲ್ಲಿ ತೀರ್ಪಿತ್ತಿತು. ಕಾನೂನು ಗೆದ್ದಿತೆಂದ ಮಾತ್ರಕ್ಕೆ ಜನರ ಅಳಲು ಸುಳ್ಳಾಗದು. ಬಾಡಿಗೆ ನಿಯಂತ್ರಣದ ಮನೆಗಳೇ ಹೆಚ್ಚಿರುವ ಅನೇಕ ಕಟ್ಟಡಗಳಿಗೆ ಕೊಳವೆಗೆ ಹೊದಿಕೆ ಹಾಕುವಂಥ ಹಗುರ ದಾರಿಯನ್ನು ಕಾನೂನೇ ತೋರಿಸಿದೆ. ಅದು ಸರಿಯಾದ ಕ್ರಮ. ಬಡವರಿಗೆ ಸಾಲ ಮತ್ತು ಸಮಯ ಕೊಡಿ. ಆದರೆ ಆ ನೆಪದಲ್ಲಿ ಮಿತಿಯನ್ನೇ ಸಡಿಲಿಸಬೇಡಿ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ದೇಶದಲ್ಲೂ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಇಂಧನ ಉಳಿತಾಯದ ಸಂಹಿತೆ 2007ರಲ್ಲಿ ಬಂತು. 2022ರ ತಿದ್ದುಪಡಿ ದೊಡ್ಡ ವಸತಿ ಕಟ್ಟಡಗಳನ್ನೂ ಅದರೊಳಗೆ ತಂದಿತು. ಆದರೆ ಅದರ ದೃಷ್ಟಿ ಮುಖ್ಯವಾಗಿ ಮುಂದೆ ಕಟ್ಟುವುದರ ಮೇಲೆ. ಈಗಾಗಲೇ ಎದ್ದು ನಿಂತಿರುವ ಮಾಲು, ಆಸ್ಪತ್ರೆ, ಕಚೇರಿಗಳು ಎಷ್ಟು ವಿದ್ಯುತ್ತು ನುಂಗುತ್ತಿವೆ ಎಂಬುದು ಸಾಮಾನ್ಯರಿಗೆ ತಿಳಿಯುವುದೆಂತು?

ನ್ಯೂಯಾರ್ಕ್ ಕೂಡ ಒಮ್ಮೆಗೇ ದಂಡಕ್ಕೆ ಕೈಹಾಕಲಿಲ್ಲ. ಪ್ರತಿವರ್ಷ ಇಂಧನದ ಲೆಕ್ಕ ಒಪ್ಪಿಸಬೇಕೆಂದು 2009ರಲ್ಲೇ ಕಾನೂನು ಮಾಡಿತು; 2020ರಿಂದ ದೊಡ್ಡ ಕಟ್ಟಡಗಳ ಬಾಗಿಲಲ್ಲಿ ದರ್ಜೆಯ ಫಲಕ ಹಾಕಿಸಿತು. ನಮ್ಮಲ್ಲೂ ಮೊದಲು ಆಗಬೇಕಾದ್ದು ಇದೇ. ಸರಕಾರಿ ಕಚೇರಿಗಳಿಂದಲೇ ಆರಂಭವಾಗಲಿ. ಇತರರಿಗೆ ಹೇಳುವವರು ತಮ್ಮ ಲೆಕ್ಕವನ್ನು ಮೊದಲು ತೋರಿಸಲಿ. ಅಂಥ ಫಲಕ ನಮ್ಮ ಗಡಿನಾಡಿಗೆ ಬಂದಾಗ ಅದು ಕನ್ನಡದಲ್ಲೂ ಇರಬೇಕೆಂಬುದನ್ನು ನಾವು ಬೇರೆ ಹೇಳಬೇಕಾಗಿಲ್ಲ. ಓದಲಾಗದ ಲೆಕ್ಕವನ್ನು ಯಾರೂ ಕೇಳಲಾರರು.