ಆಪರೇಷನ್ನಿಗೆ ಮುಂಚೆ ಅಮ್ಮನಿಗೆ ಕನ್ನಡದಲ್ಲಿ ಹೇಳಿ!



ಜೆಬೆಲ್ ಅಲಿಯಲ್ಲಿ ಕೂತು ಊರಲ್ಲಿರೋ ಅಮ್ಮನಿಗೆ ಆನ್‌ಲೈನಿನಲ್ಲೇ ಹೆಲ್ತ್ ಇನ್ಶೂರೆನ್ಸ್ ಮಾಡಿಸುವವರು ನಮ್ಮಲ್ಲಿ ಹಲವರಿದ್ದೇವೆ. ಆ ಪಾಲಿಸಿಯಲ್ಲೊಂದು ಸಾಲಿದೆ. ಅಂದಕ್ಕಾಗಿ ಮಾಡಿಸೋ ಪ್ಲಾಸ್ಟಿಕ್ ಸರ್ಜರಿಗೆ ದುಡ್ಡು ಸಿಗಲ್ಲ. ಆದರೆ ಅಪಘಾತ, ಸುಟ್ಟಗಾಯ ಇಲ್ಲವೇ ಕ್ಯಾನ್ಸರ್ ನಂತರದ ಮರುರಚನೆಗೆ ಆ ನಿರ್ಬಂಧವಿಲ್ಲ. ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಗೊತ್ತುಮಾಡಿದ ಒಕ್ಕಣೆಯಿದು. ಅಂದರೆ, ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡ ಹೆಂಗಸು ಅದನ್ನು ಮತ್ತೆ ಕಟ್ಟಿಸಿಕೊಳ್ಳೋದು ಶೋಕಿಯಲ್ಲ, ಚಿಕಿತ್ಸೆ! ಸ್ತನ ತೆಗೆಯೋ ಖರ್ಚು ಕೊಡುವ ವಿಮೆ ಮರುರಚನೆಗೂ ಕೊಡಬೇಕು ಅಂತ ಅಮೆರಿಕ 1998ರಲ್ಲೇ ಕಾನೂನು ಮಾಡಿತು. ನಮ್ಮ ಅಮ್ಮಂದಿರ ತೊಡಕು ಬೇರೆ. ಆ ಸಾಲು ಇಂಗ್ಲಿಷಿನಲ್ಲಿದೆ, ಅವರಿಗೆ ಬರೋದು ಕನ್ನಡ.

ಆಯ್ಕೆಗಳಾದರೂ ಏನು? ಸಿಲಿಕೋನ್ ಇಂಪ್ಲಾಂಟ್ ಇಡಬಹುದು. ಆಪರೇಷನ್ ಚಿಕ್ಕದು, ಆದರೆ ರೇಡಿಯೇಷನ್ ಆದವರಲ್ಲಿ ಸುತ್ತಲಿನ ಭಾಗ ಗಟ್ಟಿಯಾಗೋ ಅಪಾಯ ಹೆಚ್ಚು. ಅಪರೂಪದ ಒಂದು ಲಿಂಫೋಮಾದ ನಂಟಿನಿಂದಾಗಿ 2019ರಲ್ಲಿ ಅಲರ್ಗನ್ ಕಂಪನಿ ತನ್ನ ಒರಟು ಮೈಯ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಎರಡನೆಯದು, ಹೊಟ್ಟೆಯ ಅಥವಾ ಬೆನ್ನಿನ ಸ್ವಂತ ಅಂಗಾಂಶದಿಂದಲೇ ಕಟ್ಟೋದು. ಆಪರೇಷನ್ ದೊಡ್ಡದು, ಚೇತರಿಕೆ ನಿಧಾನ, ಫಲ ಸಹಜ. ಏನೂ ಬೇಡ, ಬ್ರಾ ಒಳಗಿಡೋ ಕೃತಕ ಸ್ತನ ಸಾಕು ಅನ್ನೋದೂ ಸರಿಯಾದ ಆಯ್ಕೆಯೇ. ಸ್ತನ ತೆಗೆಯುವಾಗಲೇ ಮರುರಚನೆ ಮಾಡಿಸಬಹುದು, ತಡವಾಗಿಯೂ ಮಾಡಿಸಬಹುದು. ಜೊತೆಯಲ್ಲೇ ಮಾಡಿಸುವುದಾದರೆ ಚರ್ಮವನ್ನು ಉಳಿಸಿಕೊಳ್ಳಲು ಸಾಧ್ಯವಾಗಬಹುದು. ಅದಕ್ಕೇ ಈ ಮಾತು ಆಪರೇಷನ್ನಿಗೆ ಮುಂಚೆ ಆಗಬೇಕು.

"ಜೀವ ಉಳಿದ್ರೆ ಸಾಕು, ಈ ವಯಸ್ಸಲ್ಲಿ ಅದೆಲ್ಲಾ ಯಾಕೆ?" ಅನ್ನೋ ನೆಂಟರಿದ್ದಾರೆ. ಆ ತೀರ್ಮಾನ ಮೈ ಯಾರದೋ ಅವರದು! ಚಿಕಿತ್ಸೆಯ ಬದಲಿ ಆಯ್ಕೆಗಳನ್ನೂ ತಿಳಿಸಿದ ಮೇಲೆ ಪಡೆದದ್ದೇ ನಿಜವಾದ ಒಪ್ಪಿಗೆ ಅಂತ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲೇ ಹೇಳಿದೆ. ರೋಗಿಗೆ ಗೊತ್ತಿರೋ ನುಡಿಯಲ್ಲೇ ವಿವರಿಸಬೇಕು ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2018ರ ರೋಗಿಗಳ ಹಕ್ಕುಪಟ್ಟಿ ಹೇಳುತ್ತದೆ. ಡಾಕ್ಟರು ಕನ್ನಡದಲ್ಲಿ ಮಾತಾಡ್ತಾರಲ್ಲ ಅಂತೀರಾ? ಗಾಬರಿಯಲ್ಲಿ ಐದು ನಿಮಿಷ ಕೇಳಿದ ಮಾತು ಮನೆ ತಲುಪೋದಿಲ್ಲ. ಕೈಯಲ್ಲಿ ಕಾಗದ ಬೇಕು.

ಹಾಗಾಗಿ ಒಂದು ಕೆಲಸ ಮಾಡೋಣ. ನಮ್ಮ ನಡುವಿನ ವೈದ್ಯರು ಈ ಆಯ್ಕೆಗಳನ್ನು ಎರಡೇ ಪುಟದಲ್ಲಿ ತಿಳಿಗನ್ನಡದಲ್ಲಿ ಬರೆಯಲಿ, ನಾವು ಅಚ್ಚಿಗೆ ಅಣಿಮಾಡೋಣ. ನಾಡಿನ ಮೂಲೆಮೂಲೆಯಿಂದ ರೋಗಿಗಳು ಬರೋ ಬೆಂಗಳೂರಿನ ಕಿದ್ವಾಯಿಯಿಂದ ಶುರುಮಾಡಿ, ಎಲ್ಲ ಕ್ಯಾನ್ಸರ್ ಆಸ್ಪತ್ರೆಗಳಿಗೂ ಕಳಿಸೋಣ. ಪಾಲಿಸಿ ಮಾಡಿಸಿದವರು ಕಂತು ಕಟ್ಟುವಾಗ ಕನ್ನಡದ ಪ್ರತಿ ಕೇಳಿ. ದುಡ್ಡು ಕೊಡೋ ಗ್ರಾಹಕ ಕೇಳದೆ ಯಾರೂ ಕೊಡೋದಿಲ್ಲ.

ಏನಂತೀರಾ ಗೆಳೆಯರೇ?