ದಿನದ ಲೆಕ್ಕ ಸರಿ, ದೂರದ ಲೆಕ್ಕ ಎಲ್ಲಿ?

ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ವಿಜಯದಾಸರ ಊರು. ಕಾರ್ತಿಕ ಶುದ್ಧ ದಶಮಿಯ ಆರಾಧನೆ ಹತ್ತಿರ ಬಂತೆಂದರೆ ತೆಂಗಿನಕಾಯಿ ಎಷ್ಟು, ಬಾಳೆಹಣ್ಣು ಎಷ್ಟು, ಊದಿನಕಡ್ಡಿ ಎಷ್ಟು ತರಿಸಬೇಕೆಂದು ಅಂಗಡಿಯವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಯಾವ ಬಸ್ಸಿಗೆ ಎಷ್ಟು ಗಿರಾಕಿ ಇಳಿಯುತ್ತಾರೆ, ಯಾರಿಗೆ ಉದ್ರಿ ಕೊಡಬೇಕು, ಯಾರಿಗೆ "ನಾಳೆ ಬಾರಪ್ಪ" ಅನ್ನಬೇಕು, ಎಲ್ಲ ಬಾಯಿಪಾಠ. ದಿನದ ಲೆಕ್ಕದಲ್ಲಿ ಈ ಸೀಮೆಯ ವ್ಯಾಪಾರಸ್ಥರನ್ನು ಸೋಲಿಸುವವರು ಇನ್ನೂ ಹುಟ್ಟಬೇಕು.

ಆದರೆ ಐದು ವರ್ಷದ ಮಾತು ಕೇಳಿ ನೋಡಿ. "ಮೊದ್ಲು ಈ ಸುಗ್ಗಿ ದಾಟ್ಲಿ ಬಿಡ್ರಿ, ಆಮ್ಯಾಲೆ ನೋಡೋಣು" ಎಂಬ ಉತ್ತರ ಗಲ್ಲಾದ ಹಿಂದಿನಿಂದ ಬರುತ್ತದೆ. ಸುಗ್ಗಿ ದಾಟುತ್ತದೆ, ಇನ್ನೊಂದು ಬರುತ್ತದೆ. ನೋಡುವ ದಿನ ಮಾತ್ರ ಬರುವುದಿಲ್ಲ.

ಮ್ಯಾನೇಜ್‌ಮೆಂಟ್ ಕಲಿಸುವ ದೊಡ್ಡ ಕಾಲೇಜುಗಳಲ್ಲಿ ಇವೆರಡಕ್ಕೆ ಬೇರೆ ಬೇರೆ ಹೆಸರಿವೆ. ಎಲ್ಲಿಗೆ ಹೋಗಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಸ್ಟ್ರಾಟಜಿ. ದಾರಿಯಲ್ಲಿ ಇವತ್ತಿನ ಹೊಂಡ ದಾಟುವುದು ಟ್ಯಾಕ್ಟಿಕ್ಸ್. ಬಸ್ಸಿನ ಭಾಷೆಯಲ್ಲಿ ಹೇಳುವುದಾದರೆ, ಡ್ರೈವರ್ ಎಷ್ಟೇ ಹುಷಾರಿಯಾಗಿರಲಿ, ಬೋರ್ಡು ತಪ್ಪಾಗಿದ್ದರೆ ರಾಯಚೂರಿಗೆ ಹೋಗಬೇಕಾದವನು ದೇವದುರ್ಗದಲ್ಲಿ ಇಳಿಯುತ್ತಾನೆ.

ಉದಾಹರಣೆಗೆ ದೂರ ಹೋಗುವುದು ಬೇಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹತ್ತಾರು ಟಿ.ಎಂ.ಸಿ. ನೀರು ಹೊಳೆ ಪಾಲಾಯಿತು. ಮಾನ್ವಿ, ಸಿಂಧನೂರು ಕಡೆಯ ರೈತರಿಗೆ ನಿದ್ದೆ ಹಾರಿತು. ಆದರೆ ತಜ್ಞರೂ ಕೂಲಿಕಾರರೂ ಹರಿಯುವ ನೀರಿನ ನಡುವೆಯೇ ಕೆಲಸ ಮಾಡಿ, ಒಂದೇ ವಾರದಲ್ಲಿ, ಆಗಸ್ಟ್ 17ಕ್ಕೆ, ತಾತ್ಕಾಲಿಕ ಹಲಗೆ ಕೂರಿಸಿ ನೀರು ನಿಲ್ಲಿಸಿದರು. ಅದು ಭೇಷ್ ಎನ್ನಬೇಕಾದ ಕೆಲಸ.

ಆದರೆ 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟಿನ 33 ಗೇಟುಗಳು 70 ವರ್ಷ ದಾಟಿದ ಮೇಲೆ ಸವೆದಿರುತ್ತವೆಂದು ತಿಳಿಯಲು ಜ್ಯೋತಿಷ್ಯ ಬೇಕಿತ್ತೆ? ಮೊದಲು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಇದೂ ಒಂದು ರಾತ್ರಿಯಲ್ಲಿ ಆದದ್ದಲ್ಲ. ಆ ವರ್ಷ ಮಳೆ ಕೈಹಿಡಿದು ಡ್ಯಾಮು ಮತ್ತೆ ತುಂಬಿತು ಎಂಬುದು ಪುಣ್ಯ. ಪುಣ್ಯವನ್ನು ಯೋಜನೆ ಎನ್ನಲಾಗದು.

ಇದಕ್ಕೂ ಕಿರಾಣಿ ಅಂಗಡಿಗೂ ಏನು ಸಂಬಂಧ? ಇದೆ. ಎಡದಂಡೆ ಕಾಲುವೆಯ ಕೆಳಭಾಗದ ಈ ಸೀಮೆಯಲ್ಲಿ ನೀರು ಬಂದರೆ ಭತ್ತ, ಭತ್ತ ಬಂದರೆ ರೊಕ್ಕ, ರೊಕ್ಕ ಬಂದರೆ ಉದ್ರಿ ವಸೂಲಿ. ಎರಡನೇ ಬೆಳೆಗೆ ನೀರಿಲ್ಲವೆಂದ ದಿನವೇ ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ, ಚಹಾದಂಗಡಿ, ಎಲ್ಲರ ಗಲ್ಲಾಕ್ಕೂ ಬೀಗ ಬಿದ್ದಂತೆ. ಅಂಗಡಿಯವನು ಉದ್ರಿ ಕೊಡುವುದು ರೈತನ ಮುಖ ನೋಡಿ ಎನ್ನುತ್ತಾನೆ. ನಿಜವಾಗಿ ಕೊಡುತ್ತಿರುವುದು ಕಾಲುವೆಯನ್ನು ನಂಬಿ.

ಹಾಗಾದರೆ ದೂರದ ಲೆಕ್ಕ ಎಂದರೆ ಏನು? ಭಾರಿ ವಿದ್ಯೆಯೇನಲ್ಲ. ಜಲಾಶಯದ ಮಟ್ಟ ನೋಡಿ ಆ ಹಂಗಾಮಿನ ಉದ್ರಿಗೆ ಮಿತಿ ಹಾಕಿಕೊಳ್ಳುವುದು. ಭತ್ತದ ಗಿರಾಕಿಯೊಬ್ಬನನ್ನೇ ನಂಬದೆ ಹತ್ತಿ, ತೊಗರಿ ಬೆಳೆಯುವವನಿಗೂ ಬೇಕಾದ ಮಾಲು ಇಡುವುದು. ಒಳ್ಳೆಯ ವರ್ಷದ ಲಾಭದಲ್ಲಿ ಸ್ವಲ್ಪವನ್ನು ಕೆಟ್ಟ ವರ್ಷಕ್ಕೆಂದು ಎತ್ತಿಡುವುದು. ದಿನದ ಚಾಣಾಕ್ಷತನ ಈ ಲೆಕ್ಕದ ಒಳಗೆ ನಡೆಯಬೇಕು. ಇಲ್ಲವಾದರೆ ಅದು ತಳವಿಲ್ಲದ ಕೊಡಕ್ಕೆ ನೀರು ಹೊತ್ತ ಹಾಗೆ.

ಚೀಕಲಪರ್ವಿಗೆ ಇನ್ನೊಂದು ಪ್ರಶ್ನೆಯೂ ಕಾದಿದೆ. ಇಲ್ಲಿ ತುಂಗಭದ್ರೆಗೆ ಬ್ರಿಡ್ಜ್ ಕಂ ಬ್ಯಾರೇಜು ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಹೊಳೆಯ ಆಚೆ ದಂಡೆ ಆಂಧ್ರ. ಸೇತುವೆಯ ಮೇಲೆ ಬಸ್ಸು ಓಡುವ ದಿನ ಆಚೆಯ ಗಿರಾಕಿ ಈಚೆಗೆ ಬರುತ್ತಾನೋ, ಈಚೆಯ ಗಿರಾಕಿಯೇ ಆಚೆಗೆ ಹೋಗುತ್ತಾನೋ? ಕಂಬ ಎದ್ದ ಮೇಲೆ ಯೋಚಿಸಿದರೆ ಉಪಯೋಗವಿಲ್ಲ. ಸೇತುವೆಗೆ ಎರಡು ತುದಿ ಇರುತ್ತವೆ. ಮೊದಲು ತಯಾರಾದ ತುದಿಗೆ ವ್ಯಾಪಾರ ಹರಿಯುತ್ತದೆ.

ಮಾನ್ವಿಯ ವರ್ತಕರು ತಾವೂ ರೈತರ ಜೊತೆ ಕೂಡಿ ಒಂದು ಮಾತು ಕೇಳಬೇಕು. ಎಷ್ಟು ನೀರು, ಯಾವಾಗಿನಿಂದ ಯಾವಾಗಿನವರೆಗೆ ಎಂಬುದನ್ನು ನೀರಾವರಿ ಸಲಹಾ ಸಮಿತಿ ಸಸಿ ಹಾಕುವ ಮುಂಚೆಯೇ ಹೇಳಲಿ. ಸಸಿ ಹಾಕಿದ ಮೇಲೆ ಹೇಳುವುದು ಯೋಜನೆಯಲ್ಲ, ಸಮಾಧಾನ. ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ. ಅಂಗಡಿಯವರೂ ಇವತ್ತು ರಾತ್ರಿ ಗಲ್ಲಾ ಎಣಿಸಿದ ಮೇಲೆ ಖಾತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರುವ ಐದು ವರ್ಷದ್ದೊಂದು ಲೆಕ್ಕ ಬರೆದಿಡಲಿ. ಆ ಹಾಳೆ ಇನ್ನೂ ಖಾಲಿ ಇದೆ.